ಯಾರ ಪೈಕಿ?

ಗೇಟಿನಲ್ಲಿ ಗುತ್ತಿಗೆದಾರ ಪರಪ್ಪ ನನ್ನನ್ನು ಕೇಳಿದ ಮೊದಲ ಮಾತು ಅದು. ಹೆಸರು ಕೇಳಲಿಲ್ಲ. ಏನು ಓದಿದ್ದೀ ಅಂತ ಕೇಳಲಿಲ್ಲ.

"ಯಾರ ಪೈಕಿ?"

ನನ್ನ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು ನನ್ನ ಬಿಎಸ್ಸಿ ಸರ್ಟಿಫಿಕೇಟು, ಫಸ್ಟ್ ಕ್ಲಾಸು. ಇನ್ನೊಂದು ನಮ್ಮ ಹೊಲ ಈ ಕ್ಯಾಂಪಸ್ಸಿಗೆ ಹೋದಾಗ ಕೊಟ್ಟ ಪತ್ರ. ಸರ್ವೆ ನಂಬರ 118 ಪೈಕಿ ಎರಡು ಎಕರೆ ಹತ್ತು ಗುಂಟೆ ಅಂತ ಅದರಲ್ಲಿ ಬರೆದಿತ್ತು. ಭೂಮಿ ಕೊಟ್ಟ ಕುಟುಂಬದ ಒಬ್ಬರಿಗೆ ವಿದ್ಯಾರ್ಹತೆಗೆ ತಕ್ಕ ನೌಕರಿ ಅಂತಲೂ ಬರೆದಿತ್ತು. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ಪೈಕಿ ಅಂದಕೂಡಲೇ ನನಗೆ ಹೊಲವೇ ನೆನಪಾಯಿತು.

"ನೂರಾ ಹದಿನೆಂಟರ ಪೈಕಿರಿ," ಅಂದೆ.

ಪರಪ್ಪ ನಕ್ಕ. ವಾಚ್‌ಮನ್ ಬಂದಗಿಸಾಬನೂ ಮೀಸೆಯಲ್ಲೇ ನಕ್ಕ. ಆಗ ನನಗೆ ತಿಳಿಯಿತು, ಇವರು ಕೇಳಿದ್ದು ಅದನ್ನಲ್ಲ ಅಂತ. ನಮ್ಮ ಕಡೆ ಈ ಮಾತು ಹೊಲದ ಕಾಗದದಲ್ಲಿ ಬಂದರೆ ಯಾವ ನಂಬರಿನ ತುಂಡು ಅಂತ ಅರ್ಥ. ಕೂಲಿ ರಜಿಸ್ಟರಿನಲ್ಲಿ ಬಂದರೆ ಯಾವ ಗುತ್ತಿಗೆದಾರನ ಗುಂಪು ಅಂತ. ಬಾಯಿಂದ ಬಂದರೆ ಜಾತಿ. ಎಲ್ಲರಿಗೂ ಗೊತ್ತಿರುವ ಮಾತು. ಹಾಸ್ಟೆಲಿನಲ್ಲಿ ಮೂರು ವರ್ಷ ಇದ್ದು ಬಂದ ನನಗೆ ಅದು ಮರೆತುಹೋಗಿತ್ತು.

"ಅದಲ್ಲವಾ. ನೀವು ಯಾರ ಪೈಕಿ?"

ನಾನು ಅಪ್ಪನ ಹೆಸರು ಹೇಳಿದೆ, ಊರು ಹೇಳಿದೆ. ಅಷ್ಟೇ ಸಾಕಾಯಿತು.

"ಓಹೋ! ಎತ್ತಂಗಿಲ್ಲ ರಾವಸಾಬನ ಮಗಳೇನ ನೀ?" ಅವನು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಆಮೇಲೆ ರಜಿಸ್ಟರ್ ಎಳೆದುಕೊಂಡು ಬರೆದ. ಹೆಸರು: ವಿಜಯಶ್ರೀ ರಾವಸಾಬ. ಯಾರ ಪೈಕಿ: ಪರಪ್ಪನ ಪೈಕಿ. ಕೆಲಸ: ಪ್ರಾಣಿ ಮನೆ.

"ಪತ್ರದಾಗ ವಿದ್ಯಾರ್ಹತೆಗೆ ತಕ್ಕ ಅಂತ ಐತಲ್ರಿ," ಅಂದೆ. "ನಂದು ಪ್ರಾಣಿಶಾಸ್ತ್ರ ರೀ. ಲ್ಯಾಬ್‌ನ್ಯಾಗ ಬೆಂಚ್ ಕೆಲಸ ಕೊಡ್ತಾರ ಅಂದಿದ್ರು."

"ಪ್ರಾಣಿಶಾಸ್ತ್ರ ಓದೀದಿ, ಪ್ರಾಣಿ ಮನಿ ಕೊಟ್ಟೇನಿ. ಇನ್ನೇನ ಬೇಕ?"

ಗುತ್ತಿಗೆ ಮಂದಿಯನ್ನೆಲ್ಲ ನೋಡಿಕೊಳ್ಳುವವನು ಪರಪ್ಪನೇ. ಮೋರಟಗಿಯವನು. ಅವನ ಮಾತಿಗೆ ಅವನೇ ಖುಷಿಪಟ್ಟ. ನಾನು ಒಳಗೆ ಹೋದೆ. ಆ ದಿನವೇ ತಿರುಗಿ ಬರಬೇಕಿತ್ತು. ಬರಲಿಲ್ಲ. ಆರು ತಿಂಗಳು ಅದರ ಸಿಟ್ಟು ನನ್ನ ಮೇಲೇ ಇತ್ತು.

*

ಸಿಂದಗಿ ದಾಟಿ ಇಂಡಿ ರಸ್ತೆಗೆ ಹೊರಳಿದರೆ ಎಡಕ್ಕೆ ದೊಡ್ಡ ಗಾಜಿನ ಕಟ್ಟಡ ಕಾಣುತ್ತದೆ. ಅದೇ ಕ್ಯಾಂಪಸ್ಸು. ಬೋರ್ಡಿನಲ್ಲಿ 'ಜೀವವಿಜ್ಞಾನ ತಂತ್ರಜ್ಞಾನ ಆವರಣ' ಅಂತ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ, 'ಬೆಳೆಯುವ ಕಂಪನಿಗಳಿಗೆ ಬೆಳೆಯುವ ನೆಲ'. ಬೆಳೆಯುವ ನೆಲ ಅನ್ನುವುದು ಸುಳ್ಳಲ್ಲ. ಅಲ್ಲಿ ನಾವು ತೊಗರಿ ಬೆಳೆಯುತ್ತಿದ್ದೆವು, ಬಿಳಿಜೋಳ ಬೆಳೆಯುತ್ತಿದ್ದೆವು. ಈಗ ಮೂರು ಕಂಪನಿ ಬೆಳೆಯುತ್ತಿವೆ. ಅದರಲ್ಲೊಂದು ಕುರಿಗಳಿಗೆ ಲಸಿಕೆ ಮಾಡುವ ಕಂಪನಿ. ಅದರ ಹಿಂಬದಿಗೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಅದು ಪ್ರಾಣಿ ಮನೆ.

ಅಲ್ಲಿ ಇನ್ನೂರು ಕುರಿ ಇದ್ದವು. ಒಂದೊಂದರ ಕಿವಿಗೂ ನಂಬರಿನ ಹಳದಿ ಬಿಲ್ಲೆ. ಮೊದಲು ರೋಗ ಹಚ್ಚುತ್ತಿದ್ದರು, ಆಮೇಲೆ ಲಸಿಕೆ ಚುಚ್ಚುತ್ತಿದ್ದರು. ಕೆಲವು ಬದುಕುತ್ತಿದ್ದವು, ಕೆಲವು ಸಾಯುತ್ತಿದ್ದವು. ಚುಚ್ಚುವವರು ಬಿಳಿ ಕೋಟಿನವರು. ಬರೆದುಕೊಳ್ಳುವವರು ಬಿಳಿ ಕೋಟಿನವರು. ಸತ್ತದ್ದನ್ನು ಎತ್ತುವವಳು ನಾನು.

ಸತ್ತ ಕುರಿ ಬದುಕಿದ ಕುರಿಗಿಂತ ಭಾರ. ಎತ್ತಿದವರಿಗೆ ಗೊತ್ತು. ಕಾಲು ಸೆಟೆದಿರುತ್ತವೆ, ಚೀಲದೊಳಗೆ ಹೋಗುವುದಿಲ್ಲ. ಮೊಣಕಾಲಿನಲ್ಲಿ ಒತ್ತಿ ಮಡಚಬೇಕು. ಮಡಚುವಾಗ ಬಾಯಿಂದ ನೀರು ಬರುತ್ತದೆ, ಹಿಂದಿನಿಂದಲೂ ಬರುತ್ತದೆ. ಹಳದಿ ಚೀಲದ ಬಾಯಿ ಕಟ್ಟಿ, ತೂಕ ಮಾಡಿ, ಬಿಲ್ಲೆಯ ನಂಬರು ಬರೆದು, ಬೆನ್ನ ಮೇಲೆ ಹೊತ್ತು ನೂರಿಪ್ಪತ್ತು ಹೆಜ್ಜೆ ನಡೆದು ಸುಡುವ ಭಟ್ಟಿಯ ಕೋಣೆಗೆ ಹಾಕಬೇಕು. ತಳ್ಳುಗಾಡಿ ಕೇಳಿದೆ. ತರಿಸುತ್ತೇವೆ ಅಂದರು. ಆರು ತಿಂಗಳಾದರೂ ಗಾಡಿ ಬರಲಿಲ್ಲ. ನನ್ನ ಎಡಗಡೆಯ ಭುಜ ಇವತ್ತಿಗೂ ಮೇಲಕ್ಕೆ ಏಳುವುದಿಲ್ಲ.

ಕುರಿ ಸತ್ತಾಗ ಲ್ಯಾಬಿನಿಂದ ಪರಪ್ಪನಿಗೆ ಫೋನು ಬರುತ್ತಿತ್ತು. ಅವನು ಶೆಡ್ಡಿನ ಬಾಗಿಲಲ್ಲಿ ನಿಂತು ಮೂಗಿಗೆ ಟವೆಲ್ ಹಿಡಿದು ಕೂಗುತ್ತಿದ್ದ.

"ಏ ವಿಜಯಶ್ರೀ, ಬಿದ್ದೈತಿ!"

ಈ ಮಾತು ಕೇಳಿದರೆ ನನಗೆ ಅಪ್ಪ ನೆನಪಾಗುತ್ತಿದ್ದ. ಯಾಕೆಂದು ಮುಂದೆ ಹೇಳುತ್ತೇನೆ.

ಶೆಡ್ಡಿಗೂ ಲ್ಯಾಬಿಗೂ ನಡುವೆ ಒಂದು ಗಾಜಿನ ಗೋಡೆ. ಆ ಕಡೆ ನನ್ನ ಜೊತೆ ವಿಜಯಪುರದಲ್ಲಿ ಓದಿದ ರೇಣುಕಾ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಿರುತ್ತಿದ್ದಳು. ಕಾಲೇಜಿನಲ್ಲಿ ಅವಳ ಪ್ರಾಕ್ಟಿಕಲ್ ಪುಸ್ತಕದ ಚಿತ್ರ ಬರೆದುಕೊಟ್ಟವಳು ನಾನು. ಮೊದಲ ದಿನ ಕೈ ಬೀಸಿದಳು. ಎರಡನೆಯ ದಿನ ಬೆನ್ನ ಮೇಲೆ ಚೀಲ ಇರುವಾಗ ನೋಡಿದಳು. ಮೂರನೆಯ ದಿನದಿಂದ ನನ್ನ ಕಡೆ ನೋಡುವುದನ್ನೇ ಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು.

ಕ್ಯಾಂಟೀನಿನಲ್ಲಿ ಹೋಗಿ ಕೂತರೆ ಪಕ್ಕದವರು ತಾಟು ಹಿಡಿದು ಏಳುತ್ತಿದ್ದರು. ಒಂದು ವಾರ ನೋಡಿ ಪರಪ್ಪ ಹೇಳಿದ, "ನಾಳಿಂದ ನೀ ಜನರೇಟರ್ ಹಿಂದ ಉಣ್ಣು. ಹೈಜಿನ್ ರೂಲ್ಸ್ ಐತಿ." ಮೊದಲು ಇದಕ್ಕೆ ಮೈಲಿಗೆ ಅನ್ನುತ್ತಿದ್ದರು. ಈಗ ಹೈಜಿನ್. ಬೇಕಾದರೆ ಹೈಜಿನ್ ಅನ್ನಲಿ. ಆದರೆ ಕುರಿಗೆ ಸೂಜಿ ಚುಚ್ಚುವವರೂ, ಅದರ ಹೊಟ್ಟೆ ಕೊಯ್ದು ನೋಡುವವರೂ ಕೈ ತೊಳೆದುಕೊಂಡು ಕ್ಯಾಂಟೀನಿನಲ್ಲೇ ಉಣ್ಣುತ್ತಿದ್ದರು. ಕೈ ತೊಳೆದರೆ ಹೋಗುವ ಹೊಲಸು ಅವರದು. ನನ್ನದು ಯಾವ ಸಾಬೂನಿಗೂ ಹೋಗದ್ದು.

ಜನರೇಟರಿನ ಹಿಂದೆ ಒಂದು ಕಲ್ಲು ಇತ್ತು. ಅಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದೆ. ಆ ಸದ್ದಿನಲ್ಲಿ ನನ್ನ ಹಲ್ಲಿನ ಸದ್ದು ನನಗೇ ಕೇಳುತ್ತಿರಲಿಲ್ಲ. ಎದುರಿಗೆ ಕಾಂಪೌಂಡು ಗೋಡೆ. ಅದರ ಬುಡದಲ್ಲಿ ಇನ್ನೂ ಒಂದು ಬದುಗಲ್ಲು ಉಳಿದಿತ್ತು, ನಮ್ಮ ಹೊಲದ್ದು. ಅವ್ವ ಬುತ್ತಿಗಂಟು ಇಡುತ್ತಿದ್ದದ್ದು ಅದರ ಮೇಲೇ. ಅವ್ವ ಸತ್ತು ಐದು ವರ್ಷವಾಯಿತು. ಎಷ್ಟೋ ದಿನ ನಾನು ಆ ಕಲ್ಲಿನ ಜೊತೆ ಮಾತಾಡಿದ್ದೇನೆ. ಹುಚ್ಚು ಅಂದರೆ ಅನ್ನಿ. ಮಾತಾಡಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಒಂದೇ ಒಂದು ದಿನ ಅಬಿದಾ ಬಂದು ಪಕ್ಕದಲ್ಲಿ ಕೂತಿದ್ದಳು. ಇಂಡಿಯವಳು, ಗಾಜಿನ ಬಾಟಲಿ ತೊಳೆಯುವ ಕೆಲಸದವಳು. ಆಸಿಡ್ಡಿಗೆ ಬೆರಳ ತುದಿಯೆಲ್ಲ ಬೆಳ್ಳಗಾಗಿದ್ದವು. "ತಗೋವಾ, ಶೇಂಗಾ ಹಿಂಡಿ," ಅಂತ ಚಟ್ನಿಪುಡಿ ನನ್ನ ರೊಟ್ಟಿಯ ಮೇಲೆ ಹಾಕಿದಳು. ಮರುದಿನ ಪರಪ್ಪ ಅವಳಿಗೆ ಏನು ಹೇಳಿದನೋ, ಮತ್ತೆ ಬರಲಿಲ್ಲ. ಎದುರು ಸಿಕ್ಕರೆ ಕಣ್ಣಲ್ಲೇ ಏನೋ ಹೇಳಿ ಹೋಗುತ್ತಿದ್ದಳು. ಅವಳ ಮನೆಯಲ್ಲಿ ನಾಲ್ಕು ಬಾಯಿ ಇದ್ದವು. ನನಗೆ ಅರ್ಥವಾಗುತ್ತಿತ್ತು. ಅರ್ಥವಾದರೆ ಒಂಟಿತನ ಕಡಿಮೆಯೇನೂ ಆಗುವುದಿಲ್ಲ.

ಬೆಂಚಿಗಾಗಿ ನಾಲ್ಕು ಅರ್ಜಿ ಕೊಟ್ಟೆ. ನಾಲ್ಕನೆಯದನ್ನು ಸುನೀತಾ ಮೇಡಂ ಕೈಗೇ ಕೊಟ್ಟೆ. ಅವರು ಕಂಪನಿಯ ನೌಕರರನ್ನೆಲ್ಲ ನೋಡಿಕೊಳ್ಳುವವರು. ಬಸವನ ಬಾಗೇವಾಡಿಯವರು, ಪುಣೆಯಲ್ಲಿ ಓದಿ ಬಂದವರು, ಒಳ್ಳೆಯ ಮಾತಿನವರು. ನಾನು ಒಳಗೆ ಹೋದಕೂಡಲೇ ಎದ್ದು ಕಿಟಕಿ ತೆಗೆದರು.

"ನಮ್ಮ ಕಂಪನ್ಯಾಗ ಜಾತಿ-ಗೀತಿ ಇಲ್ಲ ವಿಜಯಶ್ರೀ. ಅದನ್ನ ತಲಿಯಾಗ ಇಟ್ಕೋಬ್ಯಾಡ," ಅಂದರು. ನಾನು ಜಾತಿಯ ಮಾತು ಎತ್ತಿರಲೇ ಇಲ್ಲ. "ಆದ್ರ ನೀ ಕಂಪನಿ ಪಟ್ಟ್ಯಾಗ ಇಲ್ಲ. ಗುತ್ತಿಗಿ ಪಟ್ಟ್ಯಾಗ ಇದ್ದಿ. ಸ್ವಲ್ಪ ಅನುಭವ ಆಗ್ಲಿ, ನೋಡೋಣಂತ."

"ಯಾವುದರ ಅನುಭವ ರೀ ಮೇಡಂ?"

ಅವರು ಕಾಗದ ನೋಡತೊಡಗಿದರು. ನಾನು ಹೊರಗೆ ಬಂದೆ.

*

ಈಗ ಅಪ್ಪನ ಮಾತು ಹೇಳಬೇಕು.

ನಮ್ಮೂರಲ್ಲಿ ದನ ಸತ್ತರೆ ಸತ್ತಿತು ಅನ್ನುವುದಿಲ್ಲ. ಬಿದ್ದೈತಿ ಅನ್ನುತ್ತಾರೆ. ಗೌಡರ ಮನೆಯಿಂದ ಆಳು ಬಂದು ನಮ್ಮ ಕೇರಿಯ ಹೊರಗೆ ನಿಂತು ಬಿದ್ದೈತಿ ಅಂತ ಕೂಗಿದರೆ ಮುಗಿಯಿತು. ಉಣ್ಣುತ್ತಿದ್ದವರು ಕೈ ತೊಳೆದು ಹಗ್ಗ, ಬೊಂಬು ತೆಗೆದುಕೊಂಡು ಓಡಬೇಕು. ಅಪ್ಪ ಹತ್ತನೆಯ ವರ್ಷಕ್ಕೇ ಬೊಂಬಿಗೆ ಹೆಗಲು ಕೊಟ್ಟವನು. ಆ ಚಾಕರಿಗೆಂದೇ ಅಜ್ಜನ ಕಾಲದಲ್ಲಿ ಸಿಕ್ಕ ಹೊಲ ಈ ನೂರಾ ಹದಿನೆಂಟರ ಪೈಕಿ.

ನನಗೆ ಎರಡು ವರ್ಷವಿದ್ದಾಗ ಒಂದು ದಿನ ಆಳು ಬಂದು ಕೂಗಿದ. ಗೌಡರ ಎಮ್ಮೆ ಬಿದ್ದಿತ್ತು. ಅಪ್ಪ ಉಣ್ಣುತ್ತಿದ್ದ. ಕೈ ತೊಳೆಯಲಿಲ್ಲ. ಕೂತಲ್ಲಿಂದಲೇ ಹೇಳಿದ, "ಎತ್ತಂಗಿಲ್ಲ." ಆಳು ಇನ್ನೊಮ್ಮೆ ಕೂಗಿದ. ಅಪ್ಪ ಇನ್ನೊಮ್ಮೆ ಹೇಳಿದ. ಊರವರ ಪಂಚಾಯತಿ ಕೂಡಿತು. ಎತ್ತದಿದ್ದರೆ ಹೊಲ ಬಿಡು ಅಂದರು. "ಎತ್ತಂಗೂ ಇಲ್ಲ, ಬಿಡಂಗೂ ಇಲ್ಲ," ಅಂದ. ಹಿಟ್ಟಿನ ಗಿರಣಿ ಬಂದಾಯಿತು. ಕಿರಾಣಿ ಅಂಗಡಿ ಬಂದಾಯಿತು. ಅವ್ವ ನನ್ನನ್ನು ಬಗಲಲ್ಲಿ ಕಟ್ಟಿಕೊಂಡು, ಜೋಳದ ಚೀಲ ತಲೆಯ ಮೇಲೆ ಹೊತ್ತು ಸಿಂದಗಿಯವರೆಗೆ ನಡೆದು ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದಳು. ಕೇರಿಯವರೇ ಬೇರೆ ಮೂವರು ಹೋಗಿ ಆ ಎಮ್ಮೆ ಎತ್ತಿ ಬಂದರು. ಅಪ್ಪನಿಗೆ ಊರು ತನ್ನನ್ನು ದೂರ ಇಟ್ಟದ್ದಕ್ಕಿಂತ ಇದು ಹೆಚ್ಚು ನೋವಾಯಿತು. ಆಮೇಲೆ ಅವನು ಬುದ್ಧನ ಫೋಟೊ ತಂದು ಗೋಡೆಗೆ ಹಾಕಿದ, ಕಚೇರಿಗಳಿಗೆ ಅಲೆದು ಹೊಲ ತನ್ನ ಹೆಸರಿಗೇ ಮಾಡಿಸಿಕೊಂಡ. ಊರು ಅವನಿಗೆ ಎತ್ತಂಗಿಲ್ಲ ರಾವಸಾಬ ಅಂತ ಹೆಸರಿಟ್ಟಿತು. ಚೇಷ್ಟೆಗೆ ಇಟ್ಟ ಹೆಸರು. ಅವನು ಅದನ್ನು ಪದವಿಯ ಹಾಗೆ ಇಟ್ಟುಕೊಂಡ.

ಅಂಥವನ ಮಗಳು ನಾನು. ಸಂಜೆ ಮನೆಗೆ ಹೋಗುವ ಮೊದಲು ಹಳ್ಳದಲ್ಲಿ ಕೂತು ಮೈ ಉಜ್ಜಿಕೊಳ್ಳುತ್ತಿದ್ದೆ. ಮೊದಲು ಸಾಬೂನು, ಆಮೇಲೆ ಸೀಗೆಪುಡಿ, ಆಮೇಲೆ ಲಿಂಬೆಹಣ್ಣು. ಬಾಗಿಲಲ್ಲಿ ಅಪ್ಪ ಕೇಳುತ್ತಿದ್ದ, "ಏನ ಮಾಡಿದಿ ಇವತ್ತ?"

"ಸೂಕ್ಷ್ಮದರ್ಶಕದಾಗ ರಕ್ತ ನೋಡಿದೆ."

"ಏನ ಕಾಣತೈತಿ ಅದರಾಗ?"

ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳುತ್ತಿದ್ದೆ. ಕೆಂಪು ಕಣ, ಬಿಳಿ ಕಣ. ಅವನು ತಲೆ ತಗ್ಗಿಸಿ ಕೇಳುತ್ತಿದ್ದ. ಆರು ತಿಂಗಳು ದಿನಾ ಸಂಜೆ ಒಂದೊಂದು ಸುಳ್ಳು. ಮನೆಯಲ್ಲಿ ಇಬ್ಬರೇ ಇದ್ದೆವು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದರೆ ಆ ಮನೆಯಲ್ಲಿ ಇಬ್ಬರೂ ಇರುವುದಿಲ್ಲ.

*

ಆ ದಿನ ಕ್ಯಾಂಪಸ್ಸಿನ ಎರಡನೆಯ ಹಂತಕ್ಕೆ ಭೂಮಿಪೂಜೆ. ಇನ್ನೂ ಐದು ಕಂಪನಿ ಬರುವವಿದ್ದವು. ಬೆಳಿಗ್ಗೆಯೇ ಶಾಮಿಯಾನ ಎದ್ದಿತ್ತು. ಹೊಚ್ಚಹೊಸ ಜೆಸಿಬಿ ಒಂದನ್ನು ತಂದು ನಿಲ್ಲಿಸಿದ್ದರು. ಅದಕ್ಕೆ ಚೆಂಡುಹೂವಿನ ಮಾಲೆ, ಹಣೆಗೆ ಅನ್ನುವಂತೆ ಮುಂದಿನ ಗಾಜಿಗೆ ಕುಂಕುಮ, ಮಣ್ಣು ತೋಡುವ ಹಲ್ಲಿನ ಮೇಲೆ ಅರಿಶಿನ. ಒಡೆದ ತೆಂಗಿನಕಾಯಿ ಗಾಲಿಯ ಬಳಿ ಬಿದ್ದಿತ್ತು. ಡ್ರೈವರ್ ಶಮಶುದ್ದೀನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ.

ಒಂಬತ್ತೂವರೆಗೆ ಪರಪ್ಪ ಓಡಿ ಬಂದ. ಮೂಗಿಗೆ ಟವೆಲ್ ಹಿಡಿಯುವುದನ್ನೂ ಮರೆತಿದ್ದ.

"ಏ, ಬಿದ್ದೈತಿ! ಲಗೂನ ಬಾ!"

ನಾನು ಚೀಲ ತೆಗೆದುಕೊಂಡೆ.

"ಚೀಲ ಬ್ಯಾಡ. ಹಗ್ಗ ತಗೋ. ಎತ್ತು ಬಿದ್ದೈತಿ, ಶಾಮಿಯಾನದ ಹಿಂದ."

ಹೋಗಿ ನೋಡಿದೆ. ಯಾರದೋ ಮುದಿ ಎತ್ತು. ದುಡಿಸುವಷ್ಟು ದುಡಿಸಿ ಬಿಟ್ಟುಹಾಕಿದ್ದು. ಕಾಂಪೌಂಡಿನ ಮುರುಕಿನಿಂದ ಒಳಗೆ ಬಂದು ಅಲ್ಲೇ ಸತ್ತಿತ್ತು. ಹೊಟ್ಟೆ ಆಗಲೇ ಉಬ್ಬಿತ್ತು. ನೊಗ ಉಜ್ಜಿದ ಹೆಗಲಿನಲ್ಲಿ ಕೂದಲಿರಲಿಲ್ಲ. ಸುತ್ತ ಹದಿನೈದು-ಇಪ್ಪತ್ತು ಮಂದಿ ದೂರ ನಿಂತಿದ್ದರು. ಬಿಳಿ ಕೋಟಿನವರು, ಕಸಗುಡಿಸುವವರು, ಅಬಿದಾ, ರೇಣುಕಾ, ಎಲ್ಲರೂ.

"ಹನ್ನೊಂದಕ್ಕ ದೊಡ್ಡವರು ಬರ್ತಾರ," ಅಂದ ಪರಪ್ಪ. "ನಿಮ್ಮ ಕೇರ್ಯಾಗಿಂದ ಮೂರು ಮಂದೀನ ಫೋನ್ ಮಾಡಿ ಕರಿ. ಅವರು ಬರೂತನಕ ನೀ ಕಾಲ ಕಟ್ಟಿ ತಯಾರ ಮಾಡು."

"ಇದು ಕಂಪನಿ ಪ್ರಾಣಿ ಅಲ್ರಿ. ಕಿವ್ಯಾಗ ಬಿಲ್ಲಿ ಇಲ್ಲ."

"ಬಿಲ್ಲಿ ತಗೊಂಡು ಏನ ಮಾಡ್ತಿ? ಸತ್ತದ್ದು ಸತ್ತದ್ದ."

ನಾನು ತಿರುಗಿ ನೋಡಿದೆ. ಇಪ್ಪತ್ತು ಹೆಜ್ಜೆಯ ಮೇಲೆ ಜೆಸಿಬಿ ನಿಂತಿತ್ತು.

"ಜೆಸಿಬಿ ಐತಲ್ರಿ. ಎರಡು ನಿಮಿಷದಾಗ ಎತ್ತಿ ಒಯ್ತೈತಿ."

ಮೇಲಿಂದ ಶಮಶುದ್ದೀನ ಕೇಳಿಸಿಕೊಂಡ. "ಹೌದ್ರಿ ಸಾಹುಕಾರ, ನಾ ಎತ್ತತೇನಿ," ಅಂತ ಚಾವಿ ತಿರುಗಿಸಿದ. ಎಂಜಿನ್ ಗುಡುಗಿತು.

"ಬಂದ್ ಮಾಡಲೇ!" ಪರಪ್ಪ ಕೈ ಬೀಸುತ್ತ ಅತ್ತ ಓಡಿದ. "ಹುಚ್ಚ ಹಿಡದೈತೇನ ನಿಮಗ? ಪೂಜಿ ಆಗೈತಿ ಅದಕ್ಕ. ಇದರ ಹಲ್ಲಿಲೆನ ಮೊದಲ ಮಣ್ಣು ತಗಿಯೂದು. ಸತ್ತ ದನ ಮುಟ್ಟಿಸಿದ್ರ ಮೈಲಿಗಿ ಆಗತೈತಿ!"

ಎಂಜಿನ್ ನಿಂತಿತು. ಯಾರೂ ನಗಲಿಲ್ಲ. ನಾನು ಕಾದೆ, ಯಾರಾದರೂ ನಗುತ್ತಾರೆ ಅಂತ. ಕಬ್ಬಿಣದ ಯಂತ್ರ. ಡೀಸೆಲ್ ಕುಡಿಯುವ ಯಂತ್ರ. ಪೂಜೆ ಮಾಡಿಸಿಕೊಂಡು ಒಂದು ತಾಸಾಗಿತ್ತು, ಅಷ್ಟರಲ್ಲಿ ಅದಕ್ಕೂ ಜಾತಿ ಬಂದಿತ್ತು. ನನಗಿಂತ ಮೇಲಿನ ಜಾತಿ.

"ಜೆಸಿಬಿಗಿ ಮೈಲಿಗಿ ಆಗತೈತಿ," ಅಂದೆ. "ನನಗ ಆಗಂಗಿಲ್ಲೇನ್ರಿ?"

ಪರಪ್ಪ ನನ್ನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ನಿಜವಾಗಿಯೂ ಅವನಿಗೆ ನನ್ನ ಪ್ರಶ್ನೆ ತಿಳಿಯಲಿಲ್ಲ.

"ನಿನಗ ಹೆಂಗ ಆಗತೈತಿ?" ಅಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ. ಇದು ಅವನು ಲೆಕ್ಕದ ಮಾಸ್ತರ ಹುಡುಗರಿಗೆ ಕೇಳಿದ ಹಾಗೆ ಸಹಜವಾಗಿ ಕೇಳಿದ ಮಾತು.

ಅಷ್ಟರಲ್ಲಿ ಸುನೀತಾ ಮೇಡಂ ಬಂದರು. ರೇಷ್ಮೆ ಸೀರೆ ಉಟ್ಟಿದ್ದರು, ಸೆರಗು ಮೂಗಿಗೆ ಹಿಡಿದಿದ್ದರು. ನನ್ನನ್ನು ಒಂದು ಕಡೆಗೆ ಕರೆದು ಮೆಲ್ಲಗೆ ಹೇಳಿದರು, "ವಿಜಯಶ್ರೀ, ಇದೊಂದು ಸಲ ಮಾಡಿಬಿಡು. ಸೋಮವಾರದಿಂದ ನಿನಗ ಬೆಂಚ್. ನಾ ಮಾತ ಕೊಡ್ತೇನಿ. ಬಿಳಿ ಕೋಟ್, ಕಂಪನಿ ಪಟ್ಟಿ, ಎಲ್ಲಾ."

ಸುಳ್ಳು ಯಾಕೆ ಹೇಳಲಿ. ನನ್ನ ಕೈ ಹಗ್ಗಕ್ಕೆ ಹೋಯಿತು. ಗಾಜಿನ ಆ ಕಡೆಯ ಬೆಂಚು ಕಣ್ಣಿಗೆ ಬಂತು. ಅಪ್ಪನಿಗೆ ಹೇಳಿದ ಅಷ್ಟೂ ಸುಳ್ಳು ಸೋಮವಾರದಿಂದ ನಿಜವಾಗುತ್ತವೆ ಅನ್ನಿಸಿತು. ಒಂದೇ ಸಲ. ಆರು ತಿಂಗಳಲ್ಲಿ ಎಷ್ಟೋ ಎತ್ತಿದ್ದೇನೆ, ಇದೊಂದು ಎತ್ತಿದರೆ ಏನಾಯಿತು? ನಾನು ಬಗ್ಗಿದೆ. ಎತ್ತಿನ ಮುಂಗಾಲು ಹಿಡಿದೆ. ಹಗ್ಗ ಒಂದು ಸುತ್ತು ಸುತ್ತಿದೆ.

ಹಿಂದಿನಿಂದ ಪರಪ್ಪನ ದನಿ ಕೇಳಿತು. ಯಾರಿಗೋ ಹೇಳುತ್ತಿದ್ದ, ನಗುತ್ತ. "ಅಪ್ಪ ಎತ್ತಂಗಿಲ್ಲ ಅಂದಿದ್ದ. ಮಗಳು ಎತ್ತಾಕತ್ತಾಳ ನೋಡ್ರಿ."

ನನ್ನ ಕೈ ನಿಂತವು. ಎತ್ತಿನ ತೆರೆದ ಕಣ್ಣಿನ ಮೇಲೆ ನೊಣ ಕೂತಿತ್ತು. ಆಮೇಲೆ ಸುತ್ತಿದ ಹಗ್ಗ ಬಿಚ್ಚಿದೆ. ಎದ್ದು ನಿಂತೆ.

"ಎತ್ತಂಗಿಲ್ಲ," ಅಂದೆ.

"ಏನಂದಿ?"

"ಎತ್ತಂಗಿಲ್ಲ. ಇದನ್ನೂ ಎತ್ತಂಗಿಲ್ಲ, ನಾಳಿಂದ ಕುರೀನೂ ಎತ್ತಂಗಿಲ್ಲ. ನಾ ಓದಿದ್ದು ಇದಕ್ಕಲ್ಲ. ನಮ್ಮ ಹೊಲ ಕೊಟ್ಟಿದ್ದು ಇದಕ್ಕಲ್ಲ." ಹಗ್ಗವನ್ನು ಪರಪ್ಪನ ಕಾಲ ಬಳಿ ಎಸೆದೆ. "ಕೈಗವಸು ಪ್ರಾಣಿ ಮನ್ಯಾಗ ಅದಾವ. ಯಾರಿಗಿ ಬೇಕೋ ಹಾಕ್ಕೊಂಡು ಎತ್ರಿ. ಮೇಡಂ, ನಿಮ್ಮ ಕಂಪನ್ಯಾಗ ಜಾತಿ ಇಲ್ಲ ಅಂದಿದ್ರಿ. ನೀವ ಒಂದ ಕಾಲ ಹಿಡೀರಿ."

ಸುನೀತಾ ಮೇಡಂ ಸೆರಗು ಮೂಗಿನಿಂದ ತೆಗೆಯಲಿಲ್ಲ.

"ಈ ಗೇಟ್ ದಾಟಿದಿ ಅಂದ್ರ ಮತ್ತ ಒಳಗ ಬರಂಗಿಲ್ಲ ನೀ," ಅಂದ ಪರಪ್ಪ.

ನಾನು ಸುತ್ತ ನಿಂತವರನ್ನು ನೋಡಿದೆ. ಒಬ್ಬರಾದರೂ ಒಂದು ಮಾತು ಆಡುತ್ತಾರೆ ಅಂದುಕೊಂಡಿದ್ದೆ. ರೇಣುಕಾ ಮೊಬೈಲ್ ನೋಡುತ್ತಿದ್ದಳು. ಅಬಿದಾ ತನ್ನ ಬೆಳ್ಳಗಾದ ಬೆರಳು ನೋಡಿಕೊಳ್ಳುತ್ತಿದ್ದಳು. ಶಮಶುದ್ದೀನ ಹೂಮಾಲೆಯ ಹಿಂದೆ ತಲೆ ತಗ್ಗಿಸಿದ್ದ. ಗಂಬೂಟು ಕಂಪನಿಯದು, ಅಲ್ಲೇ ಬಿಚ್ಚಿಟ್ಟೆ. ನನ್ನ ಚಪ್ಪಲಿ ಶೆಡ್ಡಿನಲ್ಲಿತ್ತು. ತರಲು ಹೋಗಲಿಲ್ಲ. ಬರಿಗಾಲಲ್ಲಿ ನಡೆದು ಬಂದೆ. ನಾಲ್ಕು ಕಿಲೋಮೀಟರು. ಹಿಂದೆ ಯಾರಾದರೂ ಕರೆಯುತ್ತಾರೇನೋ ಅಂತ ಅರ್ಧ ದಾರಿಯವರೆಗೂ ಕಿವಿ ಹಿಂದೆಯೇ ಇತ್ತು.

*

ಅಪ್ಪ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ. ಆ ದಿನ ನಾನು ಹಳ್ಳದಲ್ಲಿ ಮೈ ತೊಳೆದಿರಲಿಲ್ಲ. ಹಾಗೇ ಹೋಗಿ ಎದುರಿಗೆ ನಿಂತೆ. ಆರು ತಿಂಗಳದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಚೀಲ, ಭುಜ, ಜನರೇಟರ್, ಎತ್ತು, ಜೆಸಿಬಿ. ಅವನು ಮೊರ ಕೆಳಗಿಟ್ಟ.

"ಗೊತ್ತಿತ್ತು," ಅಂದ.

ನನಗೆ ಸರಿಯಾಗಿ ಕೇಳಲಿಲ್ಲ ಅನ್ನಿಸಿತು.

"ಮೊದಲ ದಿನನ ಗೊತ್ತಾತು. ನೀ ಎಷ್ಟ ತೊಳಕೊಂಡ್ರೂ ನನಗ ಆ ವಾಸನಿ ಗೊತ್ತಾಗಂಗಿಲ್ಲೇನ? ಹತ್ತು ವರ್ಷದಾಂವ ಇದ್ದಾಗಿಂದ ನನ್ನ ಮೈಯಾಗ ಐತಿ ಅದು."

"ಗೊತ್ತಿದ್ದೂ ಸುಮ್ಮ ಇದ್ದೀ? ದಿನಾ ಕೇಳ್ತಿದ್ದಿ, ಏನ ಕಾಣತೈತಿ ಅಂತ!"

"ಹೊಲ ಹೋತು. ನೌಕರೀನೂ ಹೋದ್ರ ನಿನಗ ನಾ ಏನ ಕೊಟ್ಟಂಗಾತು?" ಅವನು ಜೋಳದ ಕಡೆ ನೋಡುತ್ತ ಹೇಳಿದ. "ಹೇಳಬೇಕಂತ ದಿನಾ ಬಾಯಿ ತಗೀತಿದ್ದೆ. ಬರ್ತಿರಲಿಲ್ಲ. ನನ್ನ ಸಲುವಾಗಿ ಎತ್ತಂಗಿಲ್ಲ ಅನ್ನೂದು ಬ್ಯಾರೆ. ಮಗಳ ಸಲುವಾಗಿ ಅನ್ನಾಕ ಧೈರ್ಯ ಸಾಲಲಿಲ್ಲ."

ಊರೆಲ್ಲ ಒಂದು ಕಡೆಯಾದಾಗಲೂ ಬಗ್ಗದ ಮನುಷ್ಯ. ಅವನ ಒಂದು ಮಾತಿನ ಮೇಲೆ ನಾನು ಬೆಳೆದಿದ್ದೆ. ಆ ಹೊತ್ತಿಗೆ ಅವನನ್ನು ಕಂಡರೆ ನನಗೆ ಹೇಸಿಗೆಯಾಯಿತು. ಕ್ಯಾಂಪಸ್ಸಿನಲ್ಲಿ ಅಷ್ಟು ಮಂದಿಯ ನಡುವೆ ಇದ್ದದ್ದಕ್ಕಿಂತ ಆ ಪಡಸಾಲೆಯಲ್ಲಿ ಹೆಚ್ಚು ಒಂಟಿಯಾದೆ.

"ನಿನ್ನ ಜೋಡಿ ಯಾರಾದ್ರೂ ಇದ್ರೇನ ಅವತ್ತ?" ಅಂತ ಕೇಳಿದೆ.

"ಯಾರೂ ಇರಲಿಲ್ಲ." ಬಾಗಿಲ ಕಡೆ ನೋಡಿ ಅಂದ, "ನಿಮ್ಮವ್ವ ಬಾಗಲದಾಗ ಬಂದು ನಿಂತಿದ್ಲು. ಏನೂ ಅನ್ನಲಿಲ್ಲ. ನಿಂತಿದ್ಲು ಅಷ್ಟ."

ಮಾರನೆಯ ದಿನ ನಾನು ತೊಳೆದ ಸೀರೆ ಉಟ್ಟು, ಎರಡೂ ಕಾಗದ ತೆಗೆದುಕೊಂಡು ಹೊರಟೆ. ಅಪ್ಪ "ನಾನೂ ಬರ್ಲೇನ?" ಅಂದ. ಬೇಡ ಅಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೇರಿಯ ತಿರುವಿನಲ್ಲಿ ಹೊರಳಿ ನೋಡಿದೆ. ಅವನು ಬಾಗಿಲಲ್ಲಿ ಬಂದು ನಿಂತಿದ್ದ. ಏನೂ ಅನ್ನಲಿಲ್ಲ.

*

ಗೇಟಿಗೆ ಇನ್ನೂ ನೂರು ಹೆಜ್ಜೆ ಇರುವಾಗಲೇ ವಾಸನೆ ಬಂತು. ಹಿಂದಿನ ದಿನ ದೊಡ್ಡವರು ಬಂದಿರಲಿಲ್ಲವಂತೆ, ಭೂಮಿಪೂಜೆ ಇವತ್ತಿಗೆ ಹೋಗಿತ್ತು. ಹಾಗಾಗಿ ಜೆಸಿಬಿಯ ಮಡಿಯೂ ಇವತ್ತಿಗೆ ಮುಂದುವರಿದಿತ್ತು. ಎತ್ತಲು ಬೇರೆ ಯಾರೂ ಸಿಕ್ಕಿರಲಿಲ್ಲ, ಅಥವಾ ಯಾರೂ ಕೈ ಹಚ್ಚಿರಲಿಲ್ಲ. ಎತ್ತಿನ ಮೇಲೆ ಒಂದು ಫ್ಲೆಕ್ಸ್ ಹೊದಿಸಿದ್ದರು. ಗೇಟಿನ ಸರಳುಗಳಿಂದ ಅರ್ಧ ಅಕ್ಷರ ಓದಲು ಬರುತ್ತಿತ್ತು: ಬೆಳೆಯುವ ನೆಲ. ಅಕ್ಷರಗಳು ಹೊಟ್ಟೆಯ ಜೊತೆ ಉಬ್ಬಿದ್ದವು. ಇಪ್ಪತ್ತು ಹೆಜ್ಜೆಯ ಮೇಲೆ ಜೆಸಿಬಿ, ಬಾಡಿದ ಮಾಲೆ ಹಾಕಿಕೊಂಡು ನಿಂತಿತ್ತು.

ಬಂದಗಿಸಾಬ ಮೂಗಿಗೆ ಟವೆಲ್ ಕಟ್ಟಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದ.

"ಪರಪ್ಪ ಸಾಹುಕಾರ ತನ್ನ ಪೈಕಿಂದ ನಿನ್ನ ಹೆಸರ ಹೊಡದ ಹಾಕ್ಯಾನವಾ. ಬಿಡಾಕ ಬರಂಗಿಲ್ಲ."

"ಮತ್ತ ಹೆಂಗ ಬಿಡ್ತೀರಿ?"

"ಯಾರ ಪೈಕಿ ಅಂತ ರಜಿಸ್ಟರದಾಗ ಇರಬೇಕು. ಇಲ್ಲಾಂದ್ರ ಹೆಂಗ ಬಿಡ್ಲಿ?"

ನಾನು ಅವನ ಮುಂದಿನ ರಜಿಸ್ಟರ್ ನನ್ನ ಕಡೆಗೆ ತಿರುಗಿಸಿಕೊಂಡೆ. ಪೆನ್ನು ತೆಗೆದುಕೊಂಡು ಬರೆದೆ. ಹೆಸರು: ವಿಜಯಶ್ರೀ ರಾವಸಾಬ. ಯಾರ ಪೈಕಿ: ಸರ್ವೆ ನಂಬರ 118 ಪೈಕಿ. ಕೆಲಸ: ಪ್ರಯೋಗಶಾಲೆ.

ಬಂದಗಿಸಾಬ ತುಟಿ ಅಲ್ಲಾಡಿಸಿ ಓದಿದ. ಈ ಸಲ ನಗಲಿಲ್ಲ. ಗೇಟನ್ನೂ ತೆಗೆಯಲಿಲ್ಲ.

ನಾನು ಗೇಟಿನ ಎದುರಿಗೆ ರಸ್ತೆಯ ನಡುವೆ ಕೂತೆ. ಟಾರು ಹಾಕುವ ಮೊದಲು ಅಲ್ಲಿ ನಮ್ಮ ಹೊಲಕ್ಕೆ ಹೋಗುವ ದಾರಿ ಇತ್ತು. ಕಾಗದಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಪಕ್ಕದಲ್ಲಿ ಯಾರೂ ಬಂದು ಕೂರಲಿಲ್ಲ. ಬಿಳಿ ಕೋಟಿನವರು ಸಣ್ಣ ಬಾಗಿಲಿನಿಂದ ಒಬ್ಬೊಬ್ಬರಾಗಿ ಒಳಗೆ ಹೋದರು. ಅಬಿದಾ ಬಂದಳು, ನಿಂತಳು, ಹೋದಳು. ಹೋಗುವಾಗ ನನ್ನ ಚಪ್ಪಲಿ ನನ್ನ ಮುಂದೆ ಇಟ್ಟು ಹೋದಳು.

ಇಂಡಿ ರಸ್ತೆಯಲ್ಲಿ ದೊಡ್ಡವರ ಕಾರುಗಳು ಬರುವುದು ಕಾಣಿಸಿತು. ಪರಪ್ಪ ಒಳಗಿನಿಂದ ಓಡಿ ಬಂದ.

"ಏ, ಏಳು! ಎಬ್ಬಸ್ರಿ ಈಕಿನ್ನ! ಎತ್ರಿ ಹೊರಗ!"

ಬಂದಗಿಸಾಬ ಅಲ್ಲೇ ನಿಂತಿದ್ದ. ಬೇರೆ ವಾಚ್‌ಮನ್‌ಗಳೂ ನಿಂತಿದ್ದರು. ನನ್ನನ್ನು ಮುಟ್ಟಲು ಯಾರೂ ಮುಂದೆ ಬರಲಿಲ್ಲ.

"ಎತ್ತಬೇಕಂದ್ರ ಮುಟ್ಟಬೇಕಲ್ರಿ ಪರಪ್ಪ," ಅಂದೆ, ಕೂತಲ್ಲಿಂದಲೇ. "ಯಾರನ್ನ ಕರೀತೀರಿ?"